ಹೊಡೆತ ತಾಗಿತೆ, ತಪ್ಪಿತೆ?



ಚೌಕಾಬಾರ ಆಡದೆ ಬೆಳೆದವರು ನಿಮ್ಮಲ್ಲಿ ಹೆಚ್ಚು ಮಂದಿ ಇರಲಾರರು. ಸಿರುಗುಪ್ಪ ತಾಲ್ಲೂಕಿನ ರಾರಾವಿಯಂಥ ಊರಿನಲ್ಲಿ, ವೇದಾವತಿಯ ದಂಡೆಯಲ್ಲಿ (ಊರವರ ಬಾಯಲ್ಲಿ ಅದು ಹಗರಿ), ಈ ಆಟಕ್ಕೆ ಅಂಗಡಿಯಿಂದ ಏನನ್ನೂ ತರಬೇಕಾಗಿಲ್ಲ. ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆದರೆ ಆಯಿತು. ನಾಲ್ಕು ಕವಡೆ, ಅವು ಸಿಗದಿದ್ದರೆ ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ ಮಾಡಿದ ಹುಣಸೆ ಬೀಜ, ಕಾಯಿಗಳಾಗಿ ಬಳೆಚೂರು. ನೋಡಲು ಇದು ಓಟದ ಆಟ. ನಿಜವಾಗಿ ನೋಡಿದರೆ ಇದು ಕಾಳಗ. ಎದುರಾಳಿಯ ಕಾಯಿ ಇದ್ದ ಮನೆಗೆ ನಿಮ್ಮ ಕಾಯಿ ಹೋಗಿ ಕುಳಿತರೆ ಅದು ಸತ್ತಂತೆ, ಮತ್ತೆ ತನ್ನ ಮನೆಯಿಂದ ಹೊರಡಬೇಕು.

ಈಗ ನನ್ನ ಪ್ರಶ್ನೆ. ನಿಮ್ಮ ಕಾಯಿಗೆ ಮೂರು ಮನೆ ಮುಂದೆ ಶತ್ರುವಿನ ಕಾಯಿ ನಿಂತಿದೆ. ಹೊಡೆತ ತಾಗುವ ಸಂಭವ ಎಷ್ಟು? ನಾಲ್ಕು ಕವಡೆಗಳು ಬೀಳುವ ರೀತಿ ಒಟ್ಟು 16. ಅವುಗಳಲ್ಲಿ ಮೂರು ಬಾಯಿ ಮೇಲಾಗುವುದು 4 ರೀತಿಯಲ್ಲಿ. ಅಂದರೆ ನಾಲ್ಕರಲ್ಲಿ ಒಂದು ಪಾಲು. ಶತ್ರು ಎರಡು ಮನೆ ಮುಂದಿದ್ದರೆ 16ರಲ್ಲಿ 6. ಎಲ್ಲ ಬಾಯಿ ಮೇಲಾದ ನಾಲ್ಕಕ್ಕೂ, ಎಲ್ಲ ಬೋರಲಾದ ಎಂಟಕ್ಕೂ 16ರಲ್ಲಿ ಒಂದೊಂದೇ. ಆದ್ದರಿಂದ ಎದುರಾಳಿಗೆ ಎರಡು ಮನೆ ಮುಂದೆ ನಿಲ್ಲುವವನು ದಡ್ಡ, ನಾಲ್ಕು ಮನೆ ಮುಂದೆ ನಿಲ್ಲುವವನು ಜಾಣ. ನಮ್ಮ ಅಜ್ಜಿಯಂದಿರು ಈ ಲೆಕ್ಕವನ್ನು ಬರೆದಿಟ್ಟವರಲ್ಲ. ಆದರೆ ಅವರ ಕಾಯಿ ಎಲ್ಲಿ ನಿಲ್ಲುತ್ತಿತ್ತೆಂದು ನೆನಪಿಸಿಕೊಳ್ಳಿ!

ಹೀಗೆ ಕಾಳಗದ ತೀರ್ಪನ್ನು ದಾಳಕ್ಕೆ ಬಿಟ್ಟ ಇನ್ನೊಂದು ಆಟ ಅಮೆರಿಕದಲ್ಲಿ 1974ರಲ್ಲಿ ಅಚ್ಚಾಯಿತು. ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’; ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇದರಲ್ಲಿ ಆಟಗಾರರು ಮೇಜಿನ ಸುತ್ತ ಕುಳಿತು ಒಬ್ಬ ಯೋಧ, ಒಬ್ಬ ಮಾಂತ್ರಿಕ ಎಂದು ಪಾತ್ರ ವಹಿಸುತ್ತಾರೆ. ಕಥೆ ನಡೆಸಲು ಒಬ್ಬ ಸೂತ್ರಧಾರ. ನಮ್ಮ ಬಯಲಾಟದ ಭಾಗವತನಂತೆ ಎನ್ನೋಣ, ಆದರೆ ಇಲ್ಲಿ ಮುಂದಿನ ಪ್ರಸಂಗ ಅವನಿಗೂ ಪೂರ್ತಿ ಗೊತ್ತಿಲ್ಲ. ಕಿರುತೆರೆಯ ಕೆಲಸದಲ್ಲಿರುವ ನನಗೆ ಇದೇ ಸೋಜಿಗ. ನಮ್ಮಲ್ಲಿ ಖಳನಾಯಕ ಯಾವ ಕಂತಿನಲ್ಲಿ ಬೀಳುತ್ತಾನೆಂದು ಮೊದಲೇ ಬರೆದಿರುತ್ತದೆ. ಅಲ್ಲಿ ಅದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು.

ಆ ಆಟದ ನಿಯಮಗಳು ಕಾಲಕಾಲಕ್ಕೆ ಪರಿಷ್ಕಾರಗೊಂಡಿವೆ. ಮೊದಲ ಪುಸ್ತಕದಲ್ಲಿ ಒಂದು ಕೋಷ್ಟಕವಿತ್ತು. ಮೈತುಂಬ ಉಕ್ಕಿನ ಕವಚ ತೊಟ್ಟು ಗುರಾಣಿ ಹಿಡಿದವನಿಗೆ ಕವಚದ ಅಂಕ 2, ಬರಿಮೈಯವನಿಗೆ 9. ಹೊಸ ಯೋಧನೊಬ್ಬನ ಹೊಡೆತ ಮೊದಲನೆಯವನಿಗೆ ತಾಗಲು ದಾಳದಲ್ಲಿ 17 ಅಥವಾ ಹೆಚ್ಚು ಬೀಳಬೇಕು, ಎರಡನೆಯವನಿಗೆ 10 ಸಾಕು. ಕವಚ ಗಟ್ಟಿಯಾದಷ್ಟೂ ಅಂಕ ಚಿಕ್ಕದು, ವಿಚಿತ್ರವಲ್ಲವೆ? 1989ರ ಎರಡನೆಯ ಆವೃತ್ತಿ ಕೋಷ್ಟಕದ ಬದಲು ಒಂದು ಸೂತ್ರವನ್ನು ಮುಂದಿಟ್ಟಿತು. ಪ್ರತಿ ಪಾತ್ರಕ್ಕೂ ‘ಥ್ಯಾಕೋ’ ಎಂಬ ಒಂದು ಸಂಖ್ಯೆ. ಅದರಿಂದ ಶತ್ರುವಿನ ಕವಚದ ಅಂಕವನ್ನು ಕಳೆದರೆ ದಾಳದಲ್ಲಿ ಬೀಳಬೇಕಾದದ್ದು ಸಿಗುತ್ತದೆ. 20ರಿಂದ 2 ಕಳೆದರೆ 18. ಕವಚದ ಅಂಕ ಸೊನ್ನೆಗಿಂತ ಕೆಳಗಿಳಿದರೆ ಋಣಸಂಖ್ಯೆಯನ್ನು ಕಳೆಯಬೇಕು, ಅಂದರೆ ಕೂಡಬೇಕು. ಏಳನೆಯ ತರಗತಿಯ ಗಣಿತ ಯುದ್ಧದ ನಡುವೆ ಕಾಡಿದರೆ ಯಾರಿಗೆ ತಾನೆ ಸಂತೋಷ!

2000ದ ಮೂರನೆಯ ಆವೃತ್ತಿ ಅಂಕವನ್ನು ತಿರುಗಿಸಿಟ್ಟಿತು. ಹಳೆಯ 2 ಈಗ 18 ಆಯಿತು. ದಾಳದಲ್ಲಿ ಬಿದ್ದದ್ದಕ್ಕೆ ನಿಮ್ಮ ಕೌಶಲದ ಅಂಕ ಕೂಡಿಸಿ; ಮೊತ್ತ 18 ಮುಟ್ಟಿತೆ, ಹೊಡೆತ ತಾಗಿತು. ಸಂಭವದಲ್ಲಿ ಹೇಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ವ್ಯತ್ಯಾಸವಾದದ್ದು ಲೆಕ್ಕ ಮಾಡುವ ತಲೆಗೆ. ಎಲ್ಲ ಪರಿಷ್ಕಾರಗಳಲ್ಲಿ ನನಗೆ ಇದೇ ಅತ್ಯಂತ ಜಾಣತನದ್ದೆಂದು ತೋರುತ್ತದೆ. 2008ರ ನಾಲ್ಕನೆಯದು ಕಾಳಗವನ್ನು ಚೌಕಮನೆಗಳ ಮೇಲೆ, ಹೆಚ್ಚುಕಡಿಮೆ ಚದುರಂಗದಂತೆ ನಡೆಸಿತು. ಹಲವರಿಗೆ ಅದು ರುಚಿಸಲಿಲ್ಲ.

2014ರ ಐದನೆಯ ಆವೃತ್ತಿಯಲ್ಲಿ ಒಂದು ಸೊಗಸಾದ ಉಪಾಯವಿದೆ. ನೀವು ಅನುಕೂಲದ ಸ್ಥಿತಿಯಲ್ಲಿದ್ದರೆ, ಉದಾಹರಣೆಗೆ ಶತ್ರುವಿಗೆ ಕಾಣದಂತೆ ಅಡಗಿದ್ದರೆ, ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಪ್ರತಿಕೂಲವಾದರೆ ಚಿಕ್ಕದನ್ನು. 11 ಬೇಕಿದ್ದಾಗ ಒಂದು ದಾಳಕ್ಕೆ ಶೇಕಡ 50 ಸಂಭವ. ಎರಡೂ ದಾಳ ತಪ್ಪುವ ಸಂಭವ ಅರ್ಧದಲ್ಲಿ ಅರ್ಧ, ಅಂದರೆ ಶೇಕಡ 25. ಆದ್ದರಿಂದ ತಾಗುವುದು ಶೇಕಡ 75. ಆದರೆ 20ನ್ನೇ ನಂಬಿ ಕುಳಿತವನಿಗೆ ಶೇಕಡ 5 ಇದ್ದದ್ದು 9.75 ಮಾತ್ರ ಆಗುತ್ತದೆ. ಅನುಕೂಲ ಎಲ್ಲರಿಗೂ ಒಂದೇ ಅಳತೆಯದಲ್ಲ. 2024ರ ಪರಿಷ್ಕಾರದಲ್ಲಿಯೂ ಈ ಎರಡು ದಾಳದ ನಿಯಮ ಉಳಿದಿದೆ.

ಹೊಡೆತಕ್ಕಿಂತ ದೊಡ್ಡ ಮಾತು ಸಾವಿನದು. 1974ರ ನಿಯಮದಲ್ಲಿ ಹೊಸ ಮಾಂತ್ರಿಕನ ಆಯುಸ್ಸನ್ನು ಆರು ಮುಖದ ಒಂದು ದಾಳ ನಿರ್ಧರಿಸುತ್ತಿತ್ತು. ಅವನಿಗೆ ತಾಗಿದ ಕತ್ತಿಯ ಪೆಟ್ಟನ್ನು ನಿರ್ಧರಿಸುವುದೂ ಅಂಥದೇ ದಾಳ. ಪೆಟ್ಟು ಆಯುಸ್ಸಿಗೆ ಸಮವಾದರೂ ಸಾವು. 36 ಜೋಡಿಗಳನ್ನು ಬರೆದು ಎಣಿಸಿ: 21ರಲ್ಲಿ ಮಾಂತ್ರಿಕ ಒಂದೇ ಪೆಟ್ಟಿಗೆ ಹೋಗುತ್ತಾನೆ! ಐದನೆಯ ಆವೃತ್ತಿಯಲ್ಲಿ ಆಯುಸ್ಸು ಸೊನ್ನೆಗೆ ಬಂದವನು ಸಾಮಾನ್ಯವಾಗಿ ಮೂರ್ಛೆ ಹೋಗುತ್ತಾನೆ, ಅಷ್ಟೆ. ತನ್ನ ಸರದಿ ಬಂದಾಗಲೆಲ್ಲ ದಾಳ ಎಸೆಯಬೇಕು. 10 ಅಥವಾ ಮೇಲಾದರೆ ಗೆಲುವು, ಕೆಳಗಾದರೆ ಸೋಲು. ಮೂರು ಸೋಲಿಗೆ ಮೊದಲು ಮೂರು ಗೆಲುವು ಬಂದರೆ ಪ್ರಾಣ ಉಳಿಯಿತು. ಅಷ್ಟರೊಳಗೆ ಗೆಳೆಯನೊಬ್ಬ ಬಂದು ಎಬ್ಬಿಸಲೂಬಹುದು.

ಪರಿಣಾಮವೇನು? ಹಳೆಯ ನಿಯಮದಲ್ಲಿ ಬುದ್ಧಿವಂತರು ಕಾಳಗದಿಂದ ತಪ್ಪಿಸಿಕೊಂಡು, ಉಪಾಯದಿಂದ ನಿಧಿ ತರುತ್ತಿದ್ದರು. ಹೊಸದರಲ್ಲಿ ಧೈರ್ಯವಾಗಿ ನುಗ್ಗುತ್ತಾರೆ. ನುಗ್ಗಿದವನು ಬಿದ್ದರೆ ಎತ್ತಲು ಗೆಳೆಯರು ಓಡುತ್ತಾರೆ. ಆಡುವವರು ಅದೇ ಮನುಷ್ಯರು. ಸಾವಿನ ಬೆಲೆ ಇಳಿದದ್ದರಿಂದ ನಡತೆ ಬೇರೆಯಾಯಿತು.

ನಮ್ಮ ಚೌಕಾಬಾರದಲ್ಲೂ ಇಂಥ ಆವೃತ್ತಿಗಳಿವೆ, ಅಚ್ಚಾಗಿಲ್ಲ ಅಷ್ಟೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎನ್ನುವ ಮನೆಗಳಿವೆ. ಆ ನಿರ್ಬಂಧವಿಲ್ಲದೆ ಆಡುವ ಮನೆಗಳೂ ಇವೆ. ನಿರ್ಬಂಧವಿದ್ದಲ್ಲಿ ಎಷ್ಟು ಸಾಧುವೂ ಕಾಳಗಕ್ಕೆ ಇಳಿಯಲೇಬೇಕು. ಇಲ್ಲದಲ್ಲಿ ಕತ್ತರಿ ಗೆರೆ ಎಳೆದ ಮನೆಯಿಂದ ಮನೆಗೆ ಹಾರಿ, ಯಾರ ತಂಟೆಗೂ ಹೋಗದೆ ನಡುಮನೆ ಸೇರಬಹುದು. ಅಂಗಡಿಯಲ್ಲಿ ಮಾರುವ ಹಲಗೆಯ ಜೊತೆ, ಮೊಬೈಲಿನ ಆಟದ ಜೊತೆ ಬರುವುದು ಯಾವುದೋ ಒಂದೇ ಕ್ರಮ. ಉಳಿದವು ಆಡುವವರ ಬಾಯಲ್ಲಿ ಮಾತ್ರ ಇವೆ, ಆ ಬಾಯಿಗಳು ಹೆಚ್ಚಾಗಿ ವಯಸ್ಸಾದವರವು. ಈ ರಜೆಯಲ್ಲಿ ನಿಮ್ಮ ಓಣಿಯ ಹಿರಿಯರನ್ನು ಕೇಳಿ, ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ: ಹೊಡೆಯುವುದು ಕಡ್ಡಾಯವೋ, ಅಲ್ಲವೋ? ಹೊಡೆದವನಿಗೆ ಇನ್ನೊಂದು ಎಸೆತ ಉಂಟೋ? ಒಂದೇ ಮನೆಯಲ್ಲಿ ಎರಡು ಕಾಯಿ ಜೋಡಿಯಾದರೆ ಹೊಡೆಯಬಹುದೋ?

ಇನ್ನೊಂದು ಕೆಲಸ. ನಾನು ಮೇಲೆ ಕೊಟ್ಟ ಲೆಕ್ಕ ಕವಡೆಯ ಎರಡೂ ಮೈ ಸಮನಾಗಿ ಬೀಳುತ್ತವೆ ಎಂದು ಹಿಡಿದು ಮಾಡಿದ್ದು. ಹಾಗೆ ಬೀಳುತ್ತವೆಯೆ? ನಾಲ್ಕು ಕವಡೆಗಳನ್ನು 160 ಬಾರಿ ಎಸೆದು ಗುರುತು ಹಾಕಿ. ಸಮನಾಗಿದ್ದರೆ ಒಂದು ಸುಮಾರು 40 ಸಲ, ಎರಡು 60, ಮೂರು 40, ನಾಲ್ಕು ಮತ್ತು ಎಂಟು ತಲಾ 10 ಸಲ ಬೀಳಬೇಕು. ನಿಮ್ಮ ಎಣಿಕೆ ಎಷ್ಟು ಸರಿದಿದೆ ನೋಡಿ. ಆಮೇಲೆ ಹುಣಸೆ ಬೀಜ ತೆಗೆದುಕೊಂಡು ಮತ್ತೆ 160 ಸಲ ಎಸೆಯಿರಿ.