ಪಟ್ಟಿ ಬಿಚ್ಚಿದ ಮೇಲಿನ ಕೆಲಸ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಹಾಲು ಉತ್ಪಾದಕರ ಸಂಘ ನಡೆಸುವುದು ಸಣ್ಣ ಮಾತಲ್ಲ. ಅದು ನಡೆದದ್ದು ನಿಮ್ಮ ಕೈಗಳಿಂದ. ಆದ್ದರಿಂದ ಫಿಸಿಯೋಥೆರಪಿ ಮಾಡುವ ನಾವು ಕೈಯ ಬಗ್ಗೆಯೇ ಎರಡು ಮಾತು ಆಡುತ್ತೇವೆ.

ಗಂಜಲ ಬಿದ್ದ ಕೊಟ್ಟಿಗೆಯ ನೆಲ ಜಾರುತ್ತದೆ. ಬೀಳುವಾಗ ಯಾರೇ ಆಗಲಿ ಅಂಗೈ ಊರುತ್ತಾರೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು ಮೂಳೆ ಮುರಿಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆದಿರುವುದರಿಂದ ಇದು ಇನ್ನೂ ಹೆಚ್ಚು. ಡಾಕ್ಟರು ಮೂಳೆ ಕೂರಿಸಿ ಸುಮಾರು 6 ವಾರ ಪ್ಲಾಸ್ಟರ್ ಹಾಕುತ್ತಾರೆ. ಬಿಚ್ಚಿದ ದಿನ ಮನೆಯವರೆಲ್ಲ ‘ಸದ್ಯ, ಕೈ ಬಂತು’ ಅಂತಾರೆ. ಬಂದಿರುವುದು ಮೂಳೆ ಮಾತ್ರ. ಕೀಲಿನ ಸುತ್ತಲಿನ ಪೊರೆ ಬಿಗಿದುಕೊಂಡಿರುತ್ತದೆ, ಸ್ನಾಯು ಸೊರಗಿರುತ್ತದೆ. ಮುದ್ದೆ ಕಟ್ಟಲಾಗದು, ಕೆಚ್ಚಲಿಗೆ ಕೈ ಹಾಕಿದರೆ ಹಿಡಿತವೇ ಇಲ್ಲ.

ಇಲ್ಲಿಂದ ನಮ್ಮ ಕೆಲಸ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕೈ ಅದ್ದಿಸಿ, ಮಣಿಕಟ್ಟಿನ ಮೇಲ್ಗಡೆ ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಇನ್ನೊಂದು ಕೈಯಿಂದ ಅಂಗೈ ಬುಡದ ಸಣ್ಣ ಮೂಳೆಗಳನ್ನು ಹಿಂದೆ ಮುಂದೆ ಮೆಲ್ಲಗೆ ಸರಿಸುತ್ತೇವೆ. ನೋಡುವವರಿಗೆ ‘ಇದೇನ್ರೀ, ಏನೂ ಮಾಡ್ತಿಲ್ವಲ್ಲ’ ಅನ್ನಿಸುತ್ತದೆ. ಸರಿಯುವುದು ಕೂದಲೆಳೆಯಷ್ಟೇ, ಆದರೆ ಆ ಎಳೆಯಷ್ಟು ಜಾಗ ಸಿಕ್ಕರೆ ಕೈ ಮಡಚುತ್ತದೆ. ಎಣ್ಣೆ ಹಚ್ಚಿ ತಿರುಚಿ ಎಳೆಯುವುದು ಬೇರೆ, ಇದು ಬೇರೆ. ಎಣ್ಣೆಯ ಮೇಲೆ ನಮಗೆ ಜಗಳವಿಲ್ಲ, ತಿರುಚುವುದರ ಮೇಲೆ ಇದೆ. ಮಾರನೆಯ ದಿನಕ್ಕೂ ನೋವು ಉಳಿದರೆ ಆವತ್ತು ಮಾಡಿದ್ದು ಹೆಚ್ಚಾಯಿತು ಎಂದೇ ಲೆಕ್ಕ.

ಉಳಿದದ್ದು ನಿಮ್ಮದು. ದಿನಕ್ಕೆ ಮೂರು ನಾಲ್ಕು ಸಲ ಮುಷ್ಟಿ ಕಟ್ಟಿ ಬಿಚ್ಚಬೇಕು. ಮೊದಲು ಕರ್ಚೀಫು ಹಿಂಡಿ, ಆಮೇಲೆ ಟವೆಲ್ಲು. ಸೀರೆ ಹಿಂಡುವ ಹೊತ್ತಿಗೆ ಹಸುವೂ ನಿಮ್ಮನ್ನು ಒಪ್ಪುತ್ತದೆ. ಪ್ಲಾಸ್ಟರ್ ಇರುವಾಗಲೇ ಬೆರಳು, ಮೊಳಕೈ, ಭುಜ ಆಡಿಸುತ್ತಿರಬೇಕು. ಇದನ್ನು ಮಾಡದೆ ಕೈ ಎದೆಗೆ ಕಟ್ಟಿಕೊಂಡೇ ಕೂತವರ ಭುಜವೂ ಹಿಡಿದುಕೊಳ್ಳುತ್ತದೆ. ಬೆರಳು ನೀಲಿಯಾದರೆ, ಜೋಮು ಬಿಡದಿದ್ದರೆ ವ್ಯಾಯಾಮವೂ ಬೇಡ, ನಾವೂ ಬೇಡ, ತಕ್ಷಣ ಆಸ್ಪತ್ರೆಗೆ ಓಡಿ.

ಸಹಕಾರಿಗಳಿಗೆ ಯಶಸ್ವಿನಿ ಹೊಸದಲ್ಲ. 2003ರಲ್ಲಿ ಬಂದು, 2018ರಲ್ಲಿ ಬೇರೆ ಯೋಜನೆಯೊಳಗೆ ಸೇರಿ, 2023ರಿಂದ ಮತ್ತೆ ನಡೆದಿದೆ. ಅದರಿಂದ ಆಪರೇಷನ್ ಮಾಡಿಸಿಕೊಂಡವರು ಈ ಸಭೆಯಲ್ಲೂ ಇರಬಹುದು. ಆಪರೇಷನ್ ಆಸ್ಪತ್ರೆಯಲ್ಲಿ ಮುಗಿಯುತ್ತದೆ, ಮಂಡಿ ಮಡಚುವುದು ಮನೆಯಲ್ಲಿ. ಕುರ್ಚಿಯಲ್ಲಿ ಕೂರಲು ಮಂಡಿ 90 ಡಿಗ್ರಿ ಮಡಚಿದರೆ ಸಾಕು, ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲು 120ಕ್ಕೂ ಹೆಚ್ಚು ಬೇಕು. ಕೀಲನ್ನೇ ಬದಲಾಯಿಸಿಕೊಂಡವರು ಎತ್ತರದ ಸ್ಟೂಲು ಇಟ್ಟುಕೊಳ್ಳುವುದೇ ಮೇಲು. ಆಪರೇಷನ್ ಆದ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಯಾರೂ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ.

ಕೊನೆಗೆ ಆಡಳಿತ ಮಂಡಲಿಯಲ್ಲಿ ಒಂದು ಕೋರಿಕೆ. ಪಟ್ಟಿ ಬಿಚ್ಚಿದವರು ಎರಡು ಸಲ ಬಂದು, ಬಸ್‌ಚಾರ್ಜು ನೋಡಿಯೋ, ಕರೆಯುವವರಿಲ್ಲದ ಹಸು ನೆನೆದೋ ನಿಂತುಬಿಡುತ್ತಾರೆ. ಡೇರಿಯ ಒಂದು ಕೋಣೆಯನ್ನು ತಿಂಗಳಿಗೆ ಎರಡು ದಿನ, ಬೆಳಗಿನ ಹಾಲು ಅಳೆದ ಮೇಲೆ, ಬಿಟ್ಟುಕೊಟ್ಟರೆ ನಾವೇ ಬರುತ್ತೇವೆ. ಒಂದು ಬೆಂಚು, ಒಂದು ಬಕೆಟ್ ಬಿಸಿನೀರು ಇದ್ದರೆ ಆಯಿತು.