ಹೊಟ್ಟೆಯ ಲೆಕ್ಕ, ನಾಲಿಗೆಯ ಲೆಕ್ಕ

ಪ್ರಿಯ ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಡಿರಿ ಎಂದು ಮೊದಲು ನನಗೂ ಅನಂತರ ನಿಮಗೂ ವಸಿಯ್ಯತ್ ಮಾಡುತ್ತೇನೆ.

ಇಂದಿನ ವಿಷಯ ಮಿಂಬರ್ ಮೇಲಿನಿಂದ ಹೆಚ್ಚಾಗಿ ಕೇಳಿಬರುವಂಥದ್ದಲ್ಲ. ಹೊಟ್ಟೆಯ ಬೊಜ್ಜಿನ ಬಗ್ಗೆ, ಅದರಿಂದಾಗಿ ನಮ್ಮ ಮಕ್ಕಳು ಒಳಗೊಳಗೇ ಪಡುತ್ತಿರುವ ಸಂಕಟದ ಬಗ್ಗೆ ಹೇಳಬೇಕಾಗಿದೆ.

ಇತ್ತೀಚೆಗೆ ಒಬ್ಬ ತಂದೆ ಅಸರ್ ನಮಾಝಿನ ನಂತರ ನನ್ನ ಬಳಿ ಬಂದು ಕುಳಿತರು. ಹತ್ತನೇ ತರಗತಿಯ ಮಗಳು ಸೋಮವಾರ, ಗುರುವಾರದ ಸುನ್ನತ್ ಉಪವಾಸ ಹಿಡಿಯತೊಡಗಿದಾಗ ಅವರಿಗೆ ಸಂತೋಷವಾಗಿತ್ತು. ಆಮೇಲೆ ಉಪವಾಸ ವಾರಕ್ಕೆ ನಾಲ್ಕು ದಿನವಾಯಿತು. ಸಹರಿಗೆ ಏಳುವುದಿಲ್ಲ. ಇಫ್ತಾರ್‌ಗೆ ಎರಡು ಖರ್ಜೂರ, ಒಂದು ಲೋಟ ನೀರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಾಳೆ. ತಾಯಿ ಬಿಡಿಸಿ ಕೇಳಿದಾಗ ವಿಷಯ ಹೊರಬಂತು. ಮದುವೆ ಮನೆಯೊಂದರಲ್ಲಿ ಹತ್ತಿರದ ಸಂಬಂಧಿಕರೊಬ್ಬರು ಎಲ್ಲರ ಮುಂದೆ ಅವಳ ಹೊಟ್ಟೆ ತೋರಿಸಿ, ಇವಳಿಗೆ ಗಂಡು ಸಿಗುವುದು ಕಷ್ಟ ಎಂದು ನಕ್ಕಿದ್ದರಂತೆ. ನಕ್ಕವರು ಅಂದಿನ ಬಿರಿಯಾನಿಯ ಜೊತೆಗೇ ಆ ಮಾತನ್ನೂ ಮರೆತಿರುತ್ತಾರೆ. ಹುಡುಗಿ ಮರೆತಿಲ್ಲ.

ಇಲ್ಲಿ ಎರಡು ಲೆಕ್ಕಗಳಿವೆ. ಒಂದು ಹೊಟ್ಟೆಯದು, ಇನ್ನೊಂದು ನಾಲಿಗೆಯದು. ನಾಲಿಗೆಯದನ್ನೇ ಮೊದಲು ನೋಡೋಣ, ಯಾಕೆಂದರೆ ಅದು ಗುನಾಹ್.

ಸೂರಃ ಅಲ್ ಹುಜುರಾತ್‌ನ 11ನೇ ವಚನ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆಯಾಗಿ ಹೆಸರಿಸಿ, ಒಬ್ಬರನ್ನೊಬ್ಬರು ಗೇಲಿ ಮಾಡಬಾರದೆಂದು ತಡೆಯುತ್ತದೆ. ಅಡ್ಡಹೆಸರು ಹಿಡಿದು ಕರೆಯುವುದನ್ನೂ ತಡೆಯುತ್ತದೆ. ನಮ್ಮ ಮನೆಗಳಲ್ಲಿ ಡ್ರಮ್, ಗುಂಡ, ಟ್ಯಾಂಕರ್ ಎಂದೆಲ್ಲ ಕರೆಯುತ್ತಾರೆ. ಕೇಳಿದರೆ, "ಪ್ರೀತಿಯಿಂದ ಕರೆಯುವುದು ಉಸ್ತಾದ್" ಎಂಬ ಉತ್ತರ. ಕರೆಸಿಕೊಳ್ಳುವವನನ್ನು ಒಮ್ಮೆಯಾದರೂ ಕೇಳಿದ್ದೀರಾ?

ಹ. ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ) ಮಿಸ್ವಾಕ್ ಕೀಳಲು ಅರಾಕ್ ಮರ ಹತ್ತಿದಾಗ ಗಾಳಿಗೆ ಬಟ್ಟೆ ಸರಿದು ಅವರ ಸಣಕಲು ಕಾಲುಗಳು ಕಂಡವು. ಸಹಾಬಿಗಳು ನಕ್ಕರು. ಯಾಕೆ ನಗುತ್ತೀರಿ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಬಳಿಕ ಆ ಎರಡು ಕಾಲುಗಳು ಮೀಝಾನ್‌ನಲ್ಲಿ ಉಹುದ್ ಪರ್ವತಕ್ಕಿಂತ ಭಾರವೆಂದು ತಿಳಿಸಿದರು. ಇದು ಮುಸ್ನದ್ ಅಹ್ಮದ್‌ನಲ್ಲಿದೆ. ಇನ್ನೊಂದು ಘಟನೆ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಹ. ಸಫಿಯ್ಯಾ(ರ) ಗಿಡ್ಡ ಎಂಬರ್ಥದಲ್ಲಿ ಹ. ಆಯಿಶಾ(ರ) ಏನೋ ಒಂದು ಮಾತಾಡಿದರು. ಆ ಒಂದು ಮಾತನ್ನು ಸಮುದ್ರಕ್ಕೆ ಬೆರೆಸಿದರೆ ಸಮುದ್ರವೇ ಕೆಟ್ಟೀತು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅದು ಎತ್ತರದ ಬಗ್ಗೆ ಆಡಿದ ಮಾತು. ಸೊಂಟದ ಸುತ್ತಳತೆಯ ಬಗ್ಗೆ ಆಡುವ ಮಾತು ಅದಕ್ಕಿಂತ ಹಗುರವೇನು?

ಇನ್ನೂ ಒಂದು ವಿಷಯ. ದಪ್ಪಗಿರುವವರೆಲ್ಲ ಹೊಟ್ಟೆಬಾಕರಲ್ಲ. ಥೈರಾಯ್ಡ್, ಪಿಸಿಓಡಿ, ಕೆಲವು ಔಷಧಿಗಳು, ವಂಶದ ಮೈಕಟ್ಟು, ಹೆರಿಗೆಯ ನಂತರ ಸಡಿಲವಾದ ಸ್ನಾಯುಗಳು, ಎಷ್ಟೊಂದು ಕಾರಣಗಳಿವೆ! ಮೂರು ಮಕ್ಕಳನ್ನು ಹೆತ್ತ ಹೆಂಡತಿಯ ಹೊಟ್ಟೆಯನ್ನು ಫೋನಿನಲ್ಲಿ ಕಾಣುವ ಹುಡುಗಿಯರ ಹೊಟ್ಟೆಗೆ ಹೋಲಿಸುವ ಗಂಡ ಮೊದಲು ಕಣ್ಣು ತಗ್ಗಿಸಲು ಕಲಿಯಲಿ.

ಇನ್ನು ಹೊಟ್ಟೆಯ ಲೆಕ್ಕ. ನಾಚಿಕೆ ಬೇಡ ಎಂದರೆ ಚಿಂತೆಯೇ ಬೇಡ ಎಂದಲ್ಲ. ಐಸಿಎಂಆರ್ ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ, ಶೇ. 11.4 ಮಂದಿಗೆ ಮಧುಮೇಹವಿದೆ. ಚರ್ಮದ ಕೆಳಗಿನ ಕೊಬ್ಬಿಗಿಂತ ಯಕೃತ್ತು ಮತ್ತು ಕರುಳಿನ ಸುತ್ತ ಶೇಖರವಾಗುವ ಕೊಬ್ಬು ಹೆಚ್ಚು ಅಪಾಯಕಾರಿ. ಸಕ್ಕರೆ ಕಾಯಿಲೆ, ಬಿ.ಪಿ., ಹೃದ್ರೋಗ ಎಲ್ಲಕ್ಕೂ ಅದು ದಾರಿ ಮಾಡಿಕೊಡುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದವರಿಗೂ ಇದು ಅನ್ವಯ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ವೈದ್ಯರು ಎಚ್ಚರಿಸುತ್ತಾರೆ. ಟೈಲರ್ ಟೇಪ್ ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡು ಅಳೆದರೆ ಮೋಸ ನಿಮಗೇ.

ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ತಿರ್ಮಿದಿಯ ಹದೀಸ್ ನಮಗೆಲ್ಲ ಬಾಯಿಪಾಠ. ಬಟ್ಟಲಿನ ಮುಂದೆ ಕುಳಿತಾಗ ಮಾತ್ರ ನೆನಪಾಗುವುದಿಲ್ಲ. ಬಿರಿಯಾನಿ ಹರಾಮ್ ಎಂದು ನಾನು ಫತ್ವಾ ಕೊಡುತ್ತಿಲ್ಲ, ಭಯಪಡಬೇಡಿ. ಆದರೆ ರಾತ್ರಿ ಹನ್ನೊಂದಕ್ಕೆ ಪರೋಟ, ತಿಂದ ಕೂಡಲೇ ನಿದ್ದೆ, ಇದನ್ನು ಬಿಡಲೇಬೇಕು. ಇಶಾಗಿಂತ ಮೊದಲೇ ಊಟ ಮುಗಿಸಿ. ಅನ್ನದ ರಾಶಿ ಅರ್ಧಕ್ಕಿಳಿಯಲಿ, ಆ ಜಾಗಕ್ಕೆ ತರಕಾರಿ, ಬೇಳೆ, ಮೀನಿನ ಸಾರು ಬರಲಿ. ಚಹಾದ ಲೆಕ್ಕವನ್ನೂ ಹಾಕಿ ನೋಡಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ಸುಮಾರು 40ರಿಂದ 50 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಗರಿಷ್ಠ ಮಿತಿ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಶರ್ಬತ್, ಬೇಕರಿ ತಿಂಡಿ ಇನ್ನೂ ಬಾಕಿ ಇದೆ!

ಹೊಟ್ಟೆಯನ್ನು ಮಾತ್ರ ಕರಗಿಸುವ ವ್ಯಾಯಾಮ ಇಲ್ಲ. ಕೊಬ್ಬು ಇಡೀ ಮೈಯಿಂದ ನಿಧಾನವಾಗಿ ಇಳಿಯುತ್ತದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ವೇಗ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು, ಸಾಕಷ್ಟು ನಿದ್ದೆ ಬೇಕು. ಮುನ್ನೂರು ಮೀಟರ್ ದೂರದ ಮಸೀದಿಗೆ ಸ್ಕೂಟರ್ ಏರಿ ಬರುವ ಯುವಕರೇ, ನಡೆದು ಬಂದರೆ ಹೆಜ್ಜೆಗೆ ಪ್ರತಿಫಲವೂ ಇದೆ. ನಮಾಝ್ ಒಳ್ಳೆಯ ವ್ಯಾಯಾಮ ಎಂದು ಕೆಲವರು ಹೊಗಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ನಮಾಝ್ ಇಬಾದತ್. ವ್ಯಾಯಾಮಕ್ಕೆ ಬೇರೆ ಸಮಯ ಕೊಡಿ.

ತಿಂಗಳಿಗೆ ಹತ್ತು ಕಿಲೋ ಇಳಿಸುವ ಪುಡಿ, ಮಾತ್ರೆ, ಚಹಾಗಳಿಂದ ದೂರವಿರಿ. ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧಿ ಹೃದಯಕ್ಕೆ ಹಾನಿಕರವೆಂದು 2011ರಲ್ಲಿ ಭಾರತದಲ್ಲಿ ನಿಷೇಧವಾಯಿತು. ಗಿಡಮೂಲಿಕೆ ಎಂಬ ಹೆಸರಿನ ಪೊಟ್ಟಣಗಳಲ್ಲಿ ಅದು ಪತ್ತೆಯಾದದ್ದೂ ಇದೆ. ಈಗಿನ ಇಂಜೆಕ್ಷನ್‌ಗಳ ವಿಷಯ ವೈದ್ಯರಿಗೆ ಬಿಟ್ಟದ್ದು, ಗೆಳೆಯನ ಮಾತು ಕೇಳಿ ಚುಚ್ಚಿಸಿಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಕೇಳದೆ ಊಟ ಕಡಿಮೆ ಮಾಡಬಾರದು.

ಆ ಹುಡುಗಿಯಂತೆ ಹಸಿದು ಕೂರುವುದೂ ಪರಿಹಾರವಲ್ಲ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದಿದ್ದ ಹ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ಅವರನ್ನು ಪ್ರವಾದಿವರ್ಯರು(ಸ) ತಡೆದು, ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಕಲಿಸಿದ್ದು ಬುಖಾರಿಯಲ್ಲಿದೆ. ಇಬಾದತ್‌ಗಾಗಿಯೇ ಅಷ್ಟು ದಣಿಸಬಾರದೆಂದರೆ, ಯಾರದೋ ನಗುವಿಗೆ ಹೆದರಿ ದೇಹವನ್ನು ಒಣಗಿಸಬಹುದೇ? ಮಗಳು ಅಥವಾ ಮಗ ಊಟ ತಪ್ಪಿಸುತ್ತಿದ್ದರೆ, ಉಂಡದ್ದನ್ನು ಗುಟ್ಟಾಗಿ ವಾಂತಿ ಮಾಡುತ್ತಿದ್ದರೆ, ಮುಟ್ಟು ನಿಂತಿದ್ದರೆ, ಕನ್ನಡಿ ಕಂಡರೆ ಅಳುತ್ತಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಊದಿಸಿದ ನೀರಿಗೆ ನನ್ನ ಬಳಿ ಬನ್ನಿ, ದುಆ ಮಾಡುತ್ತೇನೆ. ಆದರೆ ವೈದ್ಯರ ಬದಲಿಗೆ ಬರಬೇಡಿ. ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಕೊನೆಗೆ ಜಮಾಅತ್ ಕಮಿಟಿಯ ಮುಂದೆ ಒಂದು ಬೇಡಿಕೆ. ಗಂಡಸರಿಗೆ ರಸ್ತೆ ಇದೆ, ಮೈದಾನ ಇದೆ, ಜಿಮ್ ಇದೆ. ನಮ್ಮ ಹೆಂಗಸರು ಎಲ್ಲಿ ನಡೆಯಬೇಕು? ರಸ್ತೆಗಿಳಿದರೆ, ಈ ವಯಸ್ಸಿನಲ್ಲಿ ಇವಳಿಗೇಕೆ ಎಂದು ಅಂಗಡಿ ಮುಂದೆ ಕುಳಿತವರೇ ಮಾತಾಡುತ್ತಾರೆ. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಹ. ಆಯಿಶಾ(ರ) ಜೊತೆ ಓಟದ ಪಂದ್ಯ ಕಟ್ಟಿದರು, ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡ ಮೇಲೆ ಮತ್ತೆ ಓಡಿದರು. ಈ ಸಲ ಪ್ರವಾದಿವರ್ಯರು(ಸ) ಗೆದ್ದು, ಅಂದಿನದಕ್ಕೆ ಇದು ಸರಿಯಾಯಿತು ಎಂದು ತಮಾಷೆ ಮಾಡಿದರು. ಮೈ ತುಂಬಿಕೊಂಡದ್ದನ್ನು ಸ್ವತಃ ಆಯಿಶಾ(ರ) ಯಾವ ಸಂಕೋಚವೂ ಇಲ್ಲದೆ ಹೇಳಿದ್ದು ಅಬೂದಾವೂದ್‌ನಲ್ಲಿ ದಾಖಲಾಗಿದೆ. ಮೈ ತುಂಬಿದ ಮಡದಿಯೊಂದಿಗೂ ಅವರು ಓಡಿದರು, ಹೀಯಾಳಿಸಲಿಲ್ಲ.

ನಮ್ಮ ಮದ್ರಸದ ಅಂಗಳಕ್ಕೆ ಎತ್ತರದ ಪಾಗಾರವಿದೆ. ಅಸರ್‌ನಿಂದ ಮಗ್ರಿಬ್‌ವರೆಗೆ ಅದು ಖಾಲಿ ಬಿದ್ದಿರುತ್ತದೆ. ವಾರಕ್ಕೆ ಐದು ದಿನ ಆ ಹೊತ್ತನ್ನು ಹೆಂಗಸರ ನಡಿಗೆಗೆ ಬಿಟ್ಟುಕೊಡಿ. ಗೇಟಿನ ಬೀಗದ ಕೈಯನ್ನು ಯಾರಾದರೂ ಹಿರಿಯ ಸಹೋದರಿಯ ಕೈಗೆ ಕೊಟ್ಟರೆ ಸಾಕು, ಖರ್ಚೇನೂ ಇಲ್ಲ. ಇಂದು ಜುಮಾ ಮುಗಿದ ಮೇಲೆ ಅಧ್ಯಕ್ಷರು, ಕಾರ್ಯದರ್ಶಿಗಳು ಹತ್ತು ನಿಮಿಷ ಕುಳಿತು ತೀರ್ಮಾನಿಸಬೇಕೆಂದು ವಿನಂತಿ.

ಕಾಯಿಲೆಯಿಂದ ಮಲಗಿರುವ ನಮ್ಮ ತಂದೆತಾಯಂದಿರಿಗೆ ಅಲ್ಲಾಹು ಶಿಫಾ ಕರುಣಿಸಲಿ. ಆಮೀನ್.