ಒಂದು ದಿನ ಕಡಿಮೆ

(ರೆಡ್‌ವುಡ್ ಸಿಟಿಯಲ್ಲಿ ನಡೆದ ನಮ್ಮ ವೇದಿಕೆಯ ರಾಜ್ಯೋತ್ಸವ ಕೂಟದಲ್ಲಿ ಆಡಿದ ಮಾತು. ಸಂಪಾದಕರ ಒತ್ತಾಯಕ್ಕೆ ಬರಹಕ್ಕೆ ಇಳಿಸಿದ್ದೇನೆ.)

ಹಿರಿಯರಿಗೆ, ಅಡಿಗೆ ಮನೆಯಿಂದ ಬಿಸಿಬೇಳೆ ಬಾತಿನ ವಾಸನೆ ಬರ್ತಿದ್ರೂ ಎದ್ದು ಹೋಗದೆ ಕೂತಿರೋ ನಿಮಗೆಲ್ಲ ನಮಸ್ಕಾರ.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ "ಕೆಲಸ ಬದಲಿಸುವಾಗ ಗಮನಿಸಬೇಕಾದ ಅಂಶಗಳು" ಅಂತ. ನಾನು ಬೇಸ್‌ಬಾಲ್ ಬಗ್ಗೆ ಮಾತಾಡ್ತೀನಿ ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಹದಿನೈದು ನಿಮಿಷ ಮೀರಬಾರದು" ಅಂದ್ರು. ಬೇಸ್‌ಬಾಲ್ ಹೆಸರು ಕೇಳಿದ್ರೆ ನಮ್ಮವರಿಗೆ ಆಕಳಿಕೆ ಬರುತ್ತೆ ಅಂತ ನನಗೂ ಗೊತ್ತು. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ನಾನೂ ಅತ್ತ ತಿರುಗಿ ನೋಡಿದವನಲ್ಲ. ನನಗೆ ಆ ಆಟದ ಲೆಕ್ಕಾಚಾರ ಕಲಿಸಿದವನು ನನ್ನ ಕೈಕೆಳಗೆ ಕೆಲಸ ಮಾಡ್ತಿದ್ದ ಬಳ್ಳಾರಿ ಕಡೆಯ ಒಬ್ಬ ಹುಡುಗ. ಹೆಸರು ಹೇಳೋದಿಲ್ಲ. ಕತೆ ಹೇಳೋಕೆ ಅವನ ಒಪ್ಪಿಗೆ ಪಡೆದಿದ್ದೇನೆ.

2021ರ ಆಗಸ್ಟ್. ಅಷ್ಟೊತ್ತಿಗೆ ಅವನು ನಮ್ಮ ಕಂಪನಿ ಬಿಟ್ಟು ಬೇರೆ ಕಡೆ ಸೇರಿದ್ದ. ಫೋನ್ ಮಾಡಿ, "ಸರ್, ಜೈಂಟ್ಸ್ ಮ್ಯಾಚಿಗೆ ಎರಡು ಟಿಕೆಟ್ ಇದಾವೆ, ಬರ್ತೀರಾ?" ಅಂದ. ಇಲ್ಲೇ ರೆಡ್‌ವುಡ್ ಸಿಟಿ ಸ್ಟೇಷನ್ನಲ್ಲಿ ಕ್ಯಾಲ್‌ಟ್ರೇನ್ ಹತ್ತಿದೆವು. ಮಾಸ್ಕ್ ಹಾಕಿಕೊಂಡು ಕೂತಿದ್ದ ಜನ, ಅರ್ಧಕ್ಕರ್ಧ ಕಿತ್ತಳೆ ಬಣ್ಣದ ಟೋಪಿಗಳು. ಆ ವಾರವೆಲ್ಲ ಎಲ್ಲರ ಬಾಯಲ್ಲೂ ಒಂದೇ ಹೆಸರು: ಕ್ರಿಸ್ ಬ್ರಯಂಟ್. ಜುಲೈ 30ಕ್ಕೆ ಶಿಕಾಗೊ ಕಬ್ಸ್ ತಂಡದವರು ಅವನನ್ನು ಜೈಂಟ್ಸ್‌ಗೆ ಕೊಟ್ಟಿದ್ದರು. "ಅಷ್ಟು ಒಳ್ಳೇ ಆಟಗಾರನ್ನ ಯಾಕಪ್ಪ ಬಿಟ್ಟುಕೊಟ್ರು?" ಅಂತ ಕೇಳಿದೆ. "ಇನ್ನು ಎರಡು ತಿಂಗಳಿಗೆ ಅವನು ಸ್ವತಂತ್ರ ಆಗ್ತಾನೆ ಸರ್. ನಿಜ ಹೇಳಬೇಕಂದ್ರೆ ಹೋದ ವರ್ಷನೇ ಆಗಬೇಕಿತ್ತು. ಒಂದು ದಿನ ಕಮ್ಮಿ ಮಾಡಿದ್ರು" ಅಂದ.

ಆ ಒಂದು ದಿನದ ಕತೆಯನ್ನು ನಿಮಗೆ ಹೇಳ್ತೀನಿ. ಅದಕ್ಕೆ ಮುಂಚೆ ಈ ಆಟದ ಸಂಬಳದ ವ್ಯವಸ್ಥೆ ಸ್ವಲ್ಪ ತಿಳ್ಕೋಬೇಕು.

ನಮ್ಮ ಐಪಿಎಲ್‌ನಲ್ಲಿ ಹರಾಜು. ಸುತ್ತಿಗೆ ಯಾರ ಪರ ಬಿತ್ತೋ ಆ ತಂಡಕ್ಕೆ ಆಟಗಾರ ಹೋಗಬೇಕು. 2024ರ ನವೆಂಬರ್ ಹರಾಜಿನಲ್ಲಿ ನಮ್ಮ ಕೆ.ಎಲ್. ರಾಹುಲ್ ಬೆಂಗಳೂರಿಗೆ ಬರ್ತಾನೆ ಅಂತ ಎಷ್ಟು ಜನ ಆಸೆಪಟ್ಟಿದ್ದೆವು? ಡೆಲ್ಲಿಯವರು 14 ಕೋಟಿಗೆ ಕೊಂಡ್ರು, ಮುಗೀತು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಆಟಗಾರ ದೊಡ್ಡ ಲೀಗಿನಲ್ಲಿ ಒಟ್ಟು ಆರು ವರ್ಷದ ಸೇವೆ ಮುಗಿಸಿರಬೇಕು. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ. ಆಮೇಲಿನ ಮೂರು ವರ್ಷ ಮಧ್ಯಸ್ಥಗಾರರ ಮುಂದೆ ಹೋಗಿ ಸಂಬಳ ಏರಿಸಿಕೊಳ್ಳೋ ಅವಕಾಶ ಇದೆ, ತಂಡ ಬಿಟ್ಟು ಹೋಗೋಕೆ ಮಾತ್ರ ಇಲ್ಲ. ಆರು ಮುಗಿದ ಮೇಲೆ ಅವನು ಸ್ವತಂತ್ರ. ಯಾವ ಊರು, ಯಾವ ತಂಡ, ಎಷ್ಟು ವರ್ಷ ಅನ್ನೋದನ್ನು ಅವನೂ ಅವನ ಏಜೆಂಟೂ ಕೂತು ತೀರ್ಮಾನ ಮಾಡ್ತಾರೆ. ಪೇಪರಿನಲ್ಲಿ ನೀವು ಓದೋ ದೊಡ್ಡ ಮೊತ್ತಗಳೆಲ್ಲ ಆಗ ಬರೋವು. 2023ರ ಡಿಸೆಂಬರ್‌ನಲ್ಲಿ ಶೊಹೆ ಒಹ್ಟಾನಿ ಡಾಡ್ಜರ್ಸ್ ಜತೆ 10 ವರ್ಷಕ್ಕೆ 70 ಕೋಟಿ ಡಾಲರಿಗೆ ಸಹಿ ಹಾಕಿದ್ದು ಹೀಗೆ.

ಆರು ವರ್ಷ ಅಂದ ಕೂಡಲೇ ಕೆಲವರು ನಗ್ತಿದ್ದೀರಿ. ಹೌದು, ನಮ್ಮ ಎಚ್‌-1ಬಿ ವೀಸಾದ ಲೆಕ್ಕಾನೂ ಆರೇ.

ತಂಡದ ಕಡೆಯಿಂದ ನೋಡಿದ್ರೆ ಆ ಮೊದಲ ಆರು ವರ್ಷ ಬಂಗಾರ. ಆಟಗಾರನ ಮೈಯಲ್ಲಿ ಕಸು ಇರುತ್ತೆ, ಸಂಬಳ ಕಡಿಮೆ. ಆರರ ನಂತರ ಕೊಡೋ ದುಡ್ಡು ಬಹಳ ಸಲ ಹಿಂದಿನ ಆಟಕ್ಕೆ ಕೊಟ್ಟಂತೆ ಆಗುತ್ತೆ. 2006ರ ಡಿಸೆಂಬರ್‌ನಲ್ಲಿ ನಮ್ಮ ಜೈಂಟ್ಸ್ ಬ್ಯಾರಿ ಝಿಟೋಗೆ 7 ವರ್ಷಕ್ಕೆ 12.6 ಕೋಟಿ ಡಾಲರ್ ಕೊಟ್ಟರು. 2010ರಲ್ಲಿ ಅದೇ ತಂಡ ವಿಶ್ವ ಸರಣಿ ಗೆದ್ದಾಗ, ಆ ಪಂದ್ಯಗಳ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. 2012ರಲ್ಲಿ ಚೆನ್ನಾಗಿ ಆಡಿ ಮರ್ಯಾದೆ ಉಳಿಸಿಕೊಂಡ, ಅದು ಬೇರೆ ಮಾತು. ಸಂಬಳದ ಮೊತ್ತ ಒಂದು ಮಿತಿ ದಾಟಿದ್ರೆ ಲೀಗಿಗೆ ತೆರಿಗೆ ಬೇರೆ ಕಟ್ಟಬೇಕು. ಅದಕ್ಕೇ ಅಗ್ಗದ ವರ್ಷವನ್ನು ಇನ್ನೊಂದಷ್ಟು ಎಳೆಯೋಕಾಗುತ್ತಾ ಅಂತ ತಂಡದವರು ನೋಡ್ತಾರೆ.

ಈಗ ಬ್ರಯಂಟ್ ವಿಷಯ. 2015ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಹುಡುಗ 9 ಹೋಮ್ ರನ್ ಹೊಡೆದ. ಆದರೂ ಕಬ್ಸ್‌ನವರು ಅವನನ್ನು ಕೆಳಗಿನ ಲೀಗಿಗೆ ಕಳಿಸಿದರು. ಕೊಟ್ಟ ಕಾರಣ: ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು. ಏಪ್ರಿಲ್ 17ಕ್ಕೆ ಮೇಲಕ್ಕೆ ಕರೆಸಿಕೊಂಡರು. ಒಂದು ವರ್ಷದ ಸೇವೆ ಅಂತ ಲೆಕ್ಕ ಆಗೋಕೆ 172 ದಿನ ಬೇಕು. ಆ ವರ್ಷ ಅವನಿಗೆ ಸಿಕ್ಕಿದ್ದು 171. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಅನ್ನೋ ಪ್ರಶಸ್ತಿ ಬಂತು. ಮರುವರ್ಷ 108 ವರ್ಷದ ನಂತರ ಕಬ್ಸ್ ವಿಶ್ವ ಸರಣಿ ಗೆದ್ದಿತು, ಅವನೇ ಲೀಗಿನ ಶ್ರೇಷ್ಠ ಆಟಗಾರ. ಆದರೆ ಲೆಕ್ಕದ ಪುಸ್ತಕದಲ್ಲಿ ಮೊದಲ ವರ್ಷ ಸೇರಲೇ ಇಲ್ಲ. ಅವನ ಏಜೆಂಟು ಸ್ಕಾಟ್ ಬೋರಸ್, ಈ ಕಸುಬಿನಲ್ಲಿ ಘಟಾನುಘಟಿ. ಆಟಗಾರರ ಸಂಘ ದೂರು ಕೊಟ್ಟಿತು. 2020ರ ಆರಂಭದಲ್ಲಿ ತೀರ್ಪು ಅವನ ವಿರುದ್ಧ ಬಂತು. ಸ್ವಾತಂತ್ರ್ಯ ಒಂದು ವರ್ಷ ಮುಂದಕ್ಕೆ ಹೋಯಿತು.

ರೈಲು ಸ್ಯಾನ್ ಮಟೇಯೊ ದಾಟೋ ಹೊತ್ತಿಗೆ ನನ್ನ ಬಾಯಿ ಒಣಗಿತ್ತು. ಯಾಕೆ ಅಂತ ಹೇಳ್ತೀನಿ.

ಈ ಹುಡುಗ ನನ್ನ ತಂಡಕ್ಕೆ ಸೇರಿದ್ದು 2013ರಲ್ಲಿ. ಬಂದ ಆರು ತಿಂಗಳಿಗೇ ಇಬ್ಬರ ಕೆಲಸ ಒಬ್ಬನೇ ಮಾಡ್ತಿದ್ದ. 2014ರ ಫೆಬ್ರವರಿಯಲ್ಲಿ ಎಚ್‌ಆರ್‌ನವರು ನನ್ನನ್ನು ಕೇಳಿದರು: ಇವನ ಗ್ರೀನ್ ಕಾರ್ಡ್ ಪ್ರಕ್ರಿಯೆ ಈ ವರ್ಷ ಶುರು ಮಾಡೋಣವಾ? ನಾನು ಯೋಚನೆ ಮಾಡಿದೆ. ಕಾಗದ ಮುಂದೆ ಸಾಗಿದ್ರೆ ಇವನಿಗೆ ಧೈರ್ಯ ಬರುತ್ತೆ, ಒಳ್ಳೇ ಸಂಬಳಕ್ಕೆ ಹಾರಿಹೋಗ್ತಾನೆ. ಅವನ ಜಾಗಕ್ಕೆ ಇನ್ನೊಬ್ಬನನ್ನು ತರೋಕೆ ನನ್ನ ಬಜೆಟ್‌ನಲ್ಲಿ ದುಡ್ಡಿಲ್ಲ. ಎರಡು ಸಾಲಿನ ಉತ್ತರ ಬರೆದೆ. "ಇನ್ನೂ ಹೊಸಬ, ಪಳಗಬೇಕು. ಮುಂದಿನ ವರ್ಷ ನೋಡೋಣ." ಫೀಲ್ಡಿಂಗ್ ಸುಧಾರಿಸಬೇಕು ಅಂದ ಹಾಗೆ.

ಅವನ ಅರ್ಜಿ ಹೋಗಿದ್ದು 2015ರ ಏಪ್ರಿಲ್‌ನಲ್ಲಿ. ಹೌದು, ಅದೇ ಏಪ್ರಿಲ್.

2020ರ ಅಕ್ಟೋಬರ್ ಇಲ್ಲಿರೋ ಯಾರಿಗೂ ಮರೆತಿರಲಾರದು. ಇಬಿ-3 ವಿಭಾಗದಲ್ಲಿ 2015ರ ಜನವರಿ 1ಕ್ಕಿಂತ ಹಿಂದಿನ ತಾರೀಖು ಇದ್ದ ಭಾರತೀಯರಿಗೆ ಕೊನೆ ಹಂತದ ಅರ್ಜಿ ಹಾಕೋಕೆ ಬಾಗಿಲು ತೆರೀತು. ಇಬಿ-2ರಲ್ಲಿದ್ದವರೂ ವಿಭಾಗ ಬದಲಿಸಿಕೊಂಡು ಓಡಿದರು. ನನ್ನ ಪರಿಚಯದವರೇ ಎಷ್ಟೋ ಜನ ದಾಟಿದರು. ಅವನು ದಾಟಲಿಲ್ಲ. 2014ರಲ್ಲೇ ಶುರು ಮಾಡಿದ್ರೆ ದಾಟ್ತಿದ್ದ.

2021ರ ಮೇ ತಿಂಗಳಲ್ಲಿ, ಊರಲ್ಲಿ ಕೋವಿಡ್ ಎರಡನೇ ಅಲೆ ಎದ್ದಾಗ, ಅವನ ತಾಯಿ ತೀರಿಕೊಂಡರು. ಅವನ ಪಾಸ್‌ಪೋರ್ಟಿನ ವೀಸಾ ಮುದ್ರೆ ಅವಧಿ ಮುಗಿದಿತ್ತು. ಅಲ್ಲಿ ಹೊಸ ಮುದ್ರೆ ಹಾಕಿಸೋಣ ಅಂದ್ರೆ ಕಾನ್ಸುಲೇಟಿನ ಕೆಲಸ ನಿಂತಿತ್ತು. ಹೋದ್ರೆ ವಾಪಸ್ ಬರೋದು ಯಾವಾಗಲೋ, ಇಲ್ಲಿ ಹೆಂಡತಿ, ಎರಡು ವರ್ಷದ ಮಗು. ಅವನು ಹೋಗಲಿಲ್ಲ. ಆ ಅರ್ಜಿ ಹಾಕಿದವರಿಗೆ ಸಿಗೋ ಪ್ರಯಾಣದ ಕಾಗದ ಕೈಲಿದ್ದಿದ್ರೂ ಸಮಯಕ್ಕೆ ಮುಟ್ಟುತ್ತಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಹೋಗಬೇಕಾ ಬೇಡವಾ ಅನ್ನೋ ತೀರ್ಮಾನ ಅವನದಾಗಿರುತ್ತಿತ್ತು. ನಾನು ಏಳು ವರ್ಷ ಹಿಂದೆ ಎರಡು ಸಾಲಿನಲ್ಲಿ ಆ ತೀರ್ಮಾನ ಮಾಡಿ ಮುಗಿಸಿದ್ದೆ.

ಮೈದಾನದಲ್ಲಿ ಕೂತಿದ್ದಾಗ ಇದನ್ನು ಅವನಿಗೆ ಹೇಳಿದೆ. ಅವನು ಆಟದಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಸರ್. ನಾನು ಬಿಟ್ಟುಹೋಗೋ ದಿನ ಎಚ್‌ಆರ್‌ನವರು ಹೇಳಿದ್ರು" ಅಂದ. ಆಮೇಲೆ ತುಂಬ ಹೊತ್ತು ಮಾತಿಲ್ಲ. ಕೊನೆಗೆ, "ಈಗ ನಿಮ್ಮ ಕೈಕೆಳಗೆ ಇರೋರದು ಎಲ್ಲಾ ಫೈಲ್ ಆಗಿದಾವಾ ಸರ್?" ಅಂತ ಕೇಳಿದ. ಒಬ್ಬಳದು ಬಾಕಿ ಇತ್ತು. ಸೋಮವಾರ ಬೆಳಗ್ಗೆ ಎಚ್‌ಆರ್‌ಗೆ ಪತ್ರ ಹಾಕಿದೆ.

ಗೆಳೆಯರೇ, ನಾನು ತಿಪಟೂರು ಸೀಮೆಯ ತೆಂಗಿನ ತೋಟದ ಮನೆಯವನು. ನಮ್ಮಪ್ಪ ಮಂಡಿಯವರ ಹತ್ತಿರ ಮುಂಗಡ ತಗೊಳ್ತಿದ್ದರು. ಮುಂಗಡ ತಗೊಂಡ ಮೇಲೆ ಕೊಬ್ಬರಿ ಅದೇ ಮಂಡಿಗೆ ಹಾಕಬೇಕು. ಪಕ್ಕದ ಮಂಡಿಯಲ್ಲಿ ಕ್ವಿಂಟಲಿಗೆ ನೂರು ರೂಪಾಯಿ ಜಾಸ್ತಿ ಇದ್ರೂ ಆ ಮೆಟ್ಟಿಲು ಹತ್ತೋ ಹಾಗಿಲ್ಲ. ಅಪ್ಪನ ಕಷ್ಟ ನೋಡಿಯೇ ಓದಿ ಇಲ್ಲಿಗೆ ಬಂದವನು ನಾನು. ಇಲ್ಲಿ ಬಂದು ನಾನೇ ಮಂಡಿ ಸಾಹುಕಾರ ಆದೆ. ಯಾರೂ ಕೆಟ್ಟವರಾಗಿ ಇದನ್ನು ಮಾಡೋದಿಲ್ಲ. ಬಜೆಟ್ ಹಾಳೆ ಮುಂದಿಟ್ಟುಕೊಂಡು, ಒಳ್ಳೇ ಮ್ಯಾನೇಜರ್ ಅನ್ನಿಸಿಕೊಳ್ಳೋಕೆ ಮಾಡ್ತೀವಿ.

ಬೇಸ್‌ಬಾಲ್‌ನವರಿಗೂ ಈ ಆರು ವರ್ಷದ ಬಾಗಿಲು ತಾನಾಗಿ ತೆರೆದಿದ್ದಲ್ಲ. ಮೊದಲು ಒಪ್ಪಂದ ಮುಗಿದ್ರೂ ತಂಡದವರೇ ಅದನ್ನು ಮುಂದುವರಿಸಿಕೊಂಡು ಹೋಗಬಹುದಿತ್ತು, ಜೀವಮಾನ ಪೂರ್ತಿ. ನಮ್ಮ ಕೊಲ್ಲಿಯ ಆಚೆ ದಡ, ಓಕ್‌ಲ್ಯಾಂಡ್‌ನಲ್ಲಿ ಬೆಳೆದ ಕರ್ಟ್ ಫ್ಲಡ್ ಸೇಂಟ್ ಲೂಯಿಸ್ ತಂಡಕ್ಕೆ 12 ವರ್ಷ ಆಡಿದ್ದ. 1969ರಲ್ಲಿ ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟರು. ಅವನು ಹೋಗೋದಿಲ್ಲ ಅಂದ, ಕೋರ್ಟಿಗೆ ಹೋದ. ವರ್ಷಕ್ಕೆ 90 ಸಾವಿರ ಡಾಲರ್ ದುಡಿಯೋ ಮನುಷ್ಯ 1970ರ ಪೂರ್ತಿ ಸೀಸನ್ ಆಡಲಿಲ್ಲ. ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಮೊದಲೇ ಎಚ್ಚರಿಸಿದ್ದರು: ಗೆಲ್ಲೋದು ಕಷ್ಟ, ಗೆದ್ದರೂ ಲಾಭ ನಿನಗಲ್ಲ. ವಿಚಾರಣೆಗೆ ಆಗ ಆಡ್ತಿದ್ದ ಒಬ್ಬ ಆಟಗಾರನೂ ಬಂದು ಪಕ್ಕದಲ್ಲಿ ನಿಲ್ಲಲಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟು 5-3ರಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಮೂರು ವರ್ಷ ಕಳೆದು, 1975ರ ಡಿಸೆಂಬರ್ 23ರಂದು, ಮೆಸರ್‌ಸ್ಮಿತ್ ಮತ್ತು ಮೆಕ್‌ನಾಲಿ ಅನ್ನೋ ಇಬ್ಬರ ಪ್ರಕರಣದಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಆ ಬಾಗಿಲು ತೆರೆದರು. ತಂಡದ ಮಾಲೀಕರು ಆ ಕೂಡಲೇ ಅವರನ್ನು ಕೆಲಸದಿಂದ ತೆಗೆದರು. ಫ್ಲಡ್ ಅಷ್ಟರಲ್ಲಿ ಆಟ ಬಿಟ್ಟಾಗಿತ್ತು.

ಬಾಗಿಲು ತೆರೆದ ಮೇಲೂ 1985ರಿಂದ 87ರವರೆಗೆ ಮಾಲೀಕರು ಒಳಗೊಳಗೇ ಮಾತಾಡಿಕೊಂಡು, ಸ್ವತಂತ್ರ ಆಟಗಾರರನ್ನು ಯಾರೂ ಕರೀಬಾರದು ಅಂತ ಮಾಡಿದರು. ಸಿಕ್ಕಿಬಿದ್ದು 28 ಕೋಟಿ ಡಾಲರ್ ಕಟ್ಟಿದರು. ಅವರ ಬುದ್ಧಿ ಅಷ್ಟೇ ಅಂತ ನಗಬೇಡಿ. ನಮ್ಮ ಈ ಕಣಿವೆಯಲ್ಲೇ ಒಬ್ಬರ ಎಂಜಿನಿಯರನ್ನು ಇನ್ನೊಬ್ಬರು ಕರೀಬಾರದು ಅಂತ ಮಾಡಿಕೊಂಡಿದ್ದಾರೆ ಅನ್ನೋ ಮೊಕದ್ದಮೆಯಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ ಸೇರಿ 41.5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿದ್ದು 2015ರಲ್ಲಿ.

ಕಾರ್ಯದರ್ಶಿಗಳು ಗಡಿಯಾರ ತೋರಿಸ್ತಿದ್ದಾರೆ. ಅವರು ಕೊಟ್ಟ ವಿಷಯಕ್ಕೆ ಬರ್ತೀನಿ.

ಬ್ರಯಂಟ್‌ಗೆ ಬೋರಸ್ ಇದ್ದ, ಹಿಂದೆ ಸಂಘ ಇತ್ತು. ನಮಗೆ ಏಜೆಂಟ್ ಇಲ್ಲ. ಗ್ರೀನ್ ಕಾರ್ಡಿನ ಮೊದಲ ಹಂತದ ವಕೀಲರಿಗೆ ದುಡ್ಡು ಕೊಡೋದು ಕಂಪನಿ. ಆದ್ದರಿಂದ ಕೆಲಸಕ್ಕೆ ಸೇರುವಾಗ ಸಂಬಳದ ಜತೆಗೇ ಇನ್ನೊಂದು ಪ್ರಶ್ನೆ ಕೇಳಿ: ನನ್ನ ಪರ್ಮ್ ಯಾವ ತಿಂಗಳು ಶುರು ಮಾಡ್ತೀರಿ? ಉತ್ತರ ಬರಹದಲ್ಲಿ ಇರಲಿ. ಎರಡನೆಯದು, ಐ-140 ಮಂಜೂರಾಗಿ 180 ದಿನ ಕಳೆದ ಮೇಲೆ ಕಂಪನಿ ಅದನ್ನು ಹಿಂತೆಗೆದುಕೊಂಡರೂ ನಿಮ್ಮ ತಾರೀಖು ನಿಮ್ಮದೇ. ಆ ದಿನವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಂಜೂರಾತಿ ಪತ್ರದ ಪ್ರತಿ ಕೇಳಿ ಇಟ್ಟುಕೊಳ್ಳಿ.

ಮೂರನೆಯದು, ಬಾಯಿ ಮಾತು ನಂಬಿ ಇರೋ ಕೆಲಸ ಬಿಡಬೇಡಿ. 2022ರ ಡಿಸೆಂಬರ್‌ನಲ್ಲಿ ಕಾರ್ಲೋಸ್ ಕೊರೆಯಾಗೆ ಜೈಂಟ್ಸ್ 13 ವರ್ಷಕ್ಕೆ 35 ಕೋಟಿ ಡಾಲರ್ ಒಪ್ಪಿದ್ದರು. 20ನೇ ತಾರೀಖು ಪತ್ರಿಕಾಗೋಷ್ಠಿ ಇತ್ತು. ಅವತ್ತೇ, ವೈದ್ಯಕೀಯ ತಪಾಸಣೆಯ ವಿಷಯಕ್ಕೆ ಎಲ್ಲಾ ನಿಂತುಹೋಯಿತು. ಅವನಿಗೂ ಬೋರಸ್ಸೇ ಏಜೆಂಟ್. ರಾತ್ರಿ ಕಳೆಯೋದರೊಳಗೆ ನ್ಯೂಯಾರ್ಕ್ ಮೆಟ್ಸ್ ಜತೆ ಮಾತು ಮುಗಿಸಿದ. ಅದೂ ತಪಾಸಣೆಯಲ್ಲೇ ಮುರಿದು, ಕೊನೆಗೆ ಮಿನೆಸೋಟದಲ್ಲಿ 6 ವರ್ಷಕ್ಕೆ 20 ಕೋಟಿ ಅಂತ ಆಯಿತು. ನಮಗೆ ರಾತ್ರೋರಾತ್ರಿ ಫೋನ್ ಮಾಡೋರು ಯಾರೂ ಇಲ್ಲ. ಕೆಲಸ ಹೋದ್ರೆ 60 ದಿನ, ಅಷ್ಟೇ.

ಕೊನೇ ಮಾತು ನನ್ನಂಥವರಿಗೆ. ಈ ಸಭೆಯಲ್ಲಿ ಮ್ಯಾನೇಜರುಗಳು, ಡೈರೆಕ್ಟರುಗಳು ಬಹಳ ಜನ ಇದ್ದೀರಿ. ನೀವೂ ಒಂದು ಕಾಲಕ್ಕೆ ಆ ಕಾಗದಕ್ಕೆ ಕಾದವರೇ. ನಿಮ್ಮ ಕೈಕೆಳಗಿನವರ ಫೈಲ್ ನಾಳೆ ಒಮ್ಮೆ ತೆಗೆದು ನೋಡಿ. ಬ್ರಯಂಟ್‌ಗೆ ಆದದ್ದನ್ನು ಆಟಗಾರರು ಮರೆಯಲಿಲ್ಲ. 2022ರ ಒಪ್ಪಂದದಲ್ಲಿ, ಹೊಸಬರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ದಿನ ಎಷ್ಟೇ ಕಡಿಮೆ ಇದ್ದರೂ ಪೂರ್ತಿ ವರ್ಷ ಲೆಕ್ಕ ಹಿಡೀಬೇಕು ಅಂತ ಬರೆಸಿಕೊಂಡರು. ಬ್ರಯಂಟ್‌ಗೆ ಹೋದ ವರ್ಷ ವಾಪಸ್ ಬರಲಿಲ್ಲ. ಅವನ ನಂತರ ಬಂದ ಹುಡುಗರಿಗೆ ಉಳಿಯಿತು.

ನಮ್ಮ ಬಳ್ಳಾರಿ ಹುಡುಗ ಇನ್ನೂ ಸರತಿಯಲ್ಲೇ ಇದ್ದಾನೆ. ಇವತ್ತು ಕರೆದಿದ್ದೆ. "ಮಗಳದು ಸಾಕರ್ ಮ್ಯಾಚ್ ಇದೆ ಸರ್, ಊಟದ ಹೊತ್ತಿಗೆ ಬರ್ತೀನಿ" ಅಂದಿದ್ದಾನೆ. ಬಿಸಿಬೇಳೆ ಬಾತು ಅವನಿಗೂ ಸ್ವಲ್ಪ ಉಳಿಸಿ.